ವಾಗ್ಮಿತೆ ಮತ್ತು ವಾದಬಲ: ಸಂತ ಅಗಸ್ಟೀನರ ಅನುಭವ

ಕ್ರಿ.ಶ. 383ರ ಸುಮಾರಿಗೆ ಮಾನಿಕೀಯ ಪಂಥದ ಪ್ರಸಿದ್ಧ ಬೋಧಕ ಫೌಸ್ತುಸನು ಕಾರ್ಥೇಜಿಗೆ ಬಂದನು. ಸುಮಾರು ಒಂಬತ್ತು ವರ್ಷ ಆ ಪಂಥದ ಅನುಯಾಯಿಯಾಗಿದ್ದ ಅಗಸ್ಟೀನರು, ತಮ್ಮ ಸಂದೇಹಗಳನ್ನು ಈತನು ಪರಿಹರಿಸುವನೆಂದು ಕಾದಿದ್ದರು. ಫೌಸ್ತುಸನ ಮಾತು ಸಭೆಯನ್ನು ಸೆರೆಹಿಡಿಯಿತು. ಆದರೆ ಅಲ್ಲಿ ಪ್ರಶ್ನಿಸಲು ಅವಕಾಶವಿರಲಿಲ್ಲ. ಬಳಿಕ ಖಾಸಗಿಯಾಗಿ, ಮಾನಿಯ ಗ್ರಂಥಗಳ ಹೇಳಿಕೆಗಳು ಖಗೋಳಜ್ಞರ ಲೆಕ್ಕಕ್ಕೆ ಹೊಂದುವುವೇ ಎಂದು ಕೇಳಿದಾಗ, ಆತನು ತನಗೆ ತಿಳಿಯದೆಂದು ಒಪ್ಪಿಕೊಂಡನು. ಆ ವಿನಯವನ್ನು ಅಗಸ್ಟೀನರು ಮೆಚ್ಚಿದರು. ಪಂಥದ ಮೇಲಿನ ಭರವಸೆಯಾದರೋ ಕುಸಿಯಿತು.

ಮರುವರ್ಷ ಮಿಲಾನಿನಲ್ಲಿ ವಾಕ್ಕಲೆಯ ಅಧ್ಯಾಪಕರಾದ ಅವರು ಧರ್ಮಾಧ್ಯಕ್ಷ ಅಂಬ್ರೋಸರ ಪ್ರಬೋಧನೆಗೆ ಹೋದದ್ದು ಶೈಲಿಯನ್ನು ಅಳೆಯಲು, ವಿಷಯವನ್ನು ತಿಳಿಯಲಲ್ಲ. ಅಂಬ್ರೋಸರ ಮಾತು ಫೌಸ್ತುಸನದರಷ್ಟು ರಂಜಕವಲ್ಲ, ಆದರೆ ಹೆಚ್ಚು ಪಾಂಡಿತ್ಯಪೂರ್ಣ ಎಂದು ‘ಕನ್ಫೆಷನ್ಸ್’ ಗ್ರಂಥದ ಐದನೆಯ ಭಾಗದಲ್ಲಿ ಅವರು ದಾಖಲಿಸಿದ್ದಾರೆ. ಹಳೆಯ ಒಡಂಬಡಿಕೆಯ ವಿರುದ್ಧ ಮಾನಿಕೀಯರು ಎತ್ತಿದ್ದ ಆಕ್ಷೇಪಗಳು ಆ ವ್ಯಾಖ್ಯಾನದ ಮುಂದೆ ಒಂದೊಂದಾಗಿ ಸಡಿಲಿದವು. 387ರ ಪಾಸ್ಖ ಜಾಗರಣೆಯಲ್ಲಿ ಅವರು ಅಂಬ್ರೋಸರಿಂದಲೇ ದೀಕ್ಷಾಸ್ನಾನ ಪಡೆದರು.

ಆದರೂ ಅವರು ವಾಗ್ಮಿತೆಯನ್ನು ತಿರಸ್ಕರಿಸಲಿಲ್ಲ. ಅಸತ್ಯವು ಈ ಆಯುಧವನ್ನು ಹಿಡಿದಿರುವಾಗ ಸತ್ಯದ ಪಕ್ಷದವರು ನಿರಾಯುಧರಾಗಿರಬಾರದೆಂದು ‘ದೇ ದೊಕ್ತ್ರೀನಾ ಕ್ರಿಸ್ತಿಯಾನಾ’ ಗ್ರಂಥದ ನಾಲ್ಕನೆಯ ಭಾಗದಲ್ಲಿ ವಾದಿಸಿದರು. ಆದರೆ ವಾಗ್ಮಿತೆಗಿಂತ ವಿವೇಕಕ್ಕೇ ಮೊದಲ ಸ್ಥಾನವಿತ್ತರು.

ಬೋಧನಾಪೀಠದಲ್ಲಿ ನಿಂತ ನಮ್ಮನ್ನೂ ಯಾರೂ ಪ್ರಶ್ನಿಸುವುದಿಲ್ಲ. ಆದ್ದರಿಂದ ಮೌನವಾಗಿ ಕುಳಿತ ಅಗಸ್ಟೀನನ ಪ್ರಶ್ನೆಯನ್ನು, ಪ್ರಬೋಧನೆಯನ್ನು ಸಿದ್ಧಪಡಿಸುವಾಗಲೇ ನಾವು ಕೇಳಿಕೊಳ್ಳಬೇಕು. ಉತ್ತರ ತಿಳಿಯದಿದ್ದಲ್ಲಿ, ಫೌಸ್ತುಸನಂತೆ ಒಪ್ಪಿಕೊಳ್ಳುವ ಪ್ರಾಮಾಣಿಕತೆಯಾದರೂ ನಮಗಿರಲಿ.