108 ಆರೋಗ್ಯ ಕವಚ: ಮೇಲ್ವಿಚಾರಣೆಯ ಬದಲಾವಣೆ ಮತ್ತು ಸಾರ್ವಜನಿಕರ ದೂರುಗಳು

ರಾಜ್ಯದಲ್ಲಿ "ಆರೋಗ್ಯ ಕವಚ" ಯೋಜನೆಯನ್ನು 2008ರ ನವೆಂಬರ್ 1ರಂದು ಜಾರಿಗೆ ತರಲಾಯಿತು. ಅಪಘಾತ, ಹೆರಿಗೆ, ಹೃದಯಾಘಾತ, ಹಾವು ಕಡಿತ ಮುಂತಾದ ಸಂದರ್ಭಗಳಲ್ಲಿ 108 ಸಂಖ್ಯೆಗೆ ಕರೆ ಮಾಡಿದಲ್ಲಿ ಆಂಬುಲೆನ್ಸ್ ಸೇವೆಯನ್ನು ಉಚಿತವಾಗಿ ಒದಗಿಸಲಾಗುವುದು. ಯೋಜನೆಯು ಸರ್ಕಾರಿ-ಖಾಸಗಿ ಸಹಭಾಗಿತ್ವದಲ್ಲಿ ಆರಂಭವಾಯಿತು. ವೆಚ್ಚವನ್ನು ಸರ್ಕಾರವು ಭರಿಸುವುದು, ಕರೆ ಕೇಂದ್ರ, ವಾಹನ ಹಾಗೂ ಸಿಬ್ಬಂದಿಯನ್ನು ಒಡಂಬಡಿಕೆ ಮಾಡಿಕೊಂಡ ಸಂಸ್ಥೆಯು ನಿರ್ವಹಿಸುವುದು ಎಂಬುದು ಅದರ ಕ್ರಮವಾಗಿತ್ತು.

ಈ ಕ್ರಮದಿಂದ ಹಳ್ಳಿಗಾಡಿಗೂ ಸೇವೆ ತಲುಪಿತೆಂಬುದು ನಿಜ. ಆದರೆ ಹಣ ನೀಡುವವರು ಒಬ್ಬರು, ವಾಹನ ಕಳುಹಿಸುವವರು ಮತ್ತೊಬ್ಬರು ಆದುದರಿಂದ ವಾಹನ ತಡವಾದಾಗ ಉತ್ತರ ಹೇಳಬೇಕಾದವರು ಯಾರೆಂಬುದು ಜನರಿಗೆ ಸ್ಪಷ್ಟವಾಗಿರಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಕರೆ ಕೇಂದ್ರದಲ್ಲಿ ತಾಂತ್ರಿಕ ದೋಷವುಂಟಾಗಿ ಸೇವೆಯಲ್ಲಿ ವ್ಯತ್ಯಯವಾದಾಗ ಈ ಪ್ರಶ್ನೆ ಇನ್ನಷ್ಟು ಗಂಭೀರವಾಯಿತು. ಖಾಸಗಿ ಸಂಸ್ಥೆಯ ಬದಲು ಆರೋಗ್ಯ ಇಲಾಖೆಯೇ ಸೇವೆಯನ್ನು ನೇರವಾಗಿ ನಡೆಸುವ ನಿರ್ಧಾರವನ್ನು ಸರ್ಕಾರವು 2025ರಲ್ಲಿ ಪ್ರಕಟಿಸಿತು. ನಿರ್ವಹಣೆ ಯಾರದೇ ಆಗಿರಲಿ, ಕರೆ ಮಾಡುವವರು ಹಣ ಕೊಡಬೇಕಾಗಿಲ್ಲ.

ವಾಹನ ಬಾರದಿದ್ದಲ್ಲಿ ಅಥವಾ ವಿಳಂಬವಾದಲ್ಲಿ, ಕರೆ ಮಾಡಿದ ದಿನಾಂಕ, ಸಮಯ, ದೂರವಾಣಿ ಸಂಖ್ಯೆ ಹಾಗೂ ಸ್ಥಳವನ್ನು ನಮೂದಿಸಿ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ ಲಿಖಿತ ದೂರು ಸಲ್ಲಿಸಿ ಸ್ವೀಕೃತಿ ಪಡೆಯುವುದು ಸೂಕ್ತ. ಸಮಯದ ವಿವರವಿಲ್ಲದ ದೂರನ್ನು ಕರೆ ದಾಖಲೆಯೊಂದಿಗೆ ತಾಳೆ ನೋಡುವುದು ಕಷ್ಟ. ಕರೆ ಮತ್ತು ವಾಹನದ ದಾಖಲೆಗಳನ್ನು ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ ಇಲಾಖೆಯಿಂದ ಕೋರಬಹುದು. ಅರ್ಜಿ ಶುಲ್ಕ ರೂ. 10. ಅರ್ಜಿಯು ಒಂದೇ ವಿಷಯಕ್ಕೆ ಸಂಬಂಧಿಸಿದ್ದು, 150 ಪದಗಳನ್ನು ಮೀರದಂತಿರತಕ್ಕದ್ದು. ಉತ್ತರಕ್ಕೆ ಸಾಮಾನ್ಯವಾಗಿ 30 ದಿನಗಳ ಅವಧಿಯಿದ್ದು, ವ್ಯಕ್ತಿಯ ಜೀವಕ್ಕೆ ಸಂಬಂಧಿಸಿದ ಮಾಹಿತಿಯನ್ನು 48 ಗಂಟೆಗಳೊಳಗೆ ನೀಡತಕ್ಕದ್ದು.

ಆಂಬುಲೆನ್ಸ್ ಆಸ್ಪತ್ರೆಯ ಬಾಗಿಲು ತಲುಪಿದ ನಂತರವೂ ತೊಂದರೆಗಳಾಗುವುದುಂಟು. ಗಾಯಾಳುವಿಗೆ ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಚಿಕಿತ್ಸೆ ನೀಡುವುದು ಸರ್ಕಾರಿ, ಖಾಸಗಿ ಎನ್ನದೆ ಎಲ್ಲ ವೈದ್ಯರ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1989ರಲ್ಲಿ ತೀರ್ಪು ನೀಡಿದೆ. ಖಾಸಗಿ ಆಸ್ಪತ್ರೆಯು ತುರ್ತು ಚಿಕಿತ್ಸೆ ನಿರಾಕರಿಸಿದಲ್ಲಿ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ನೋಂದಣಿ ಮತ್ತು ಕುಂದುಕೊರತೆ ನಿವಾರಣಾ ಪ್ರಾಧಿಕಾರಕ್ಕೆ ದೂರು ನೀಡಬಹುದು. ಗಾಯಾಳುವನ್ನು ಕರೆತಂದ ದಾರಿಹೋಕರನ್ನು ಆಸ್ಪತ್ರೆಯಲ್ಲಿ ತಡೆದು ನಿಲ್ಲಿಸುವಂತಿಲ್ಲ. ಅವರು ಹೆಸರು, ವಿಳಾಸ ನೀಡಲೇಬೇಕೆಂಬ ಕಡ್ಡಾಯವೂ ಇಲ್ಲ.