ಅಂಕಗಳ ಗತಿ, ಬಿಟ್‌ಗಳ ಕ್ರಮ: ಪೂವಿನಬಾಗೆಯ ನಾಡಿನಿಂದ ಒಂದು ಪರಿಶೀಲನೆ

ಯಂತ್ರಗಳ ಒಳಗೆ ಅಡಗಿ ಕೆಲಸ ಮಾಡುವ ಪುಟ್ಟ ಗಣಕಗಳಿಗೆ ಎಂಬೆಡೆಡ್ ಪ್ರೊಸೆಸರುಗಳೆಂದು ಹೆಸರು. ಅವು ಹೊರಜಗತ್ತಿನೊಡನೆ ವ್ಯವಹರಿಸುವುದು ತಮ್ಮ ಪಿನ್‌ಗಳ ಮೂಲಕ. ಸಾಮಾನ್ಯವಾಗಿ ಎಂಟು ಪಿನ್‌ಗಳ ಗುಂಪನ್ನು ಪೋರ್ಟ್ ಎನ್ನುತ್ತಾರೆ. ಒಂದೊಂದು ಪಿನ್ನೂ ಒಂದೊಂದು ಬಿಟ್ಟನ್ನು, ಎಂದರೆ ಸೊನ್ನೆಯನ್ನು ಅಥವಾ ಒಂದನ್ನು ಹೊರುತ್ತದೆ. ಈ ಎಂಟರಲ್ಲಿ ಯಾವುದನ್ನು ಮೊದಲನೆಯದೆಂದು ಎಣಿಸಬೇಕು ಎಂಬ ಪ್ರಶ್ನೆಯು ಚಿಕ್ಕೋಡಿ, ನಿಪ್ಪಾಣಿಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಹೊಸದಾಗಿ ಎದುರಾಗಬಹುದು. ಆದರೆ ಪ್ರಶ್ನೆ ಹೊಸದಲ್ಲ. ಅದು ಸ್ಥಾನಬೆಲೆಯ ಪದ್ಧತಿಯಷ್ಟೇ ಹಳೆಯದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳನ್ನೊಳಗೊಂಡ ಗಡಿನಾಡು ಅದನ್ನು ಪರಿಶೀಲಿಸಲು ತಕ್ಕ ನೆಲೆಯೂ ಆಗಿದೆ.

ಕನ್ನಡದಲ್ಲಿ ಗಣಿತವನ್ನು ಬರೆದವರಲ್ಲಿ ಮೊದಲಿಗನೆಂದು ಪರಿಗಣಿತನಾದ ರಾಜಾದಿತ್ಯನು 12ನೆಯ ಶತಮಾನದ ಜೈನ ಕವಿ. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’, ‘ಲೀಲಾವತಿ’ ಮೊದಲಾದವು ಅವನ ಕೃತಿಗಳು. ಅವನ ಊರು ಪೂವಿನಬಾಗೆ. ಅದನ್ನು ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ಅವನಿಗೆ ಸುಮಾರು ಮೂರು ಶತಮಾನ ಮೊದಲು, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ್ದನು. ಅದರಲ್ಲಿ ಅಂಕಸ್ಥಾನಗಳನ್ನು ಏಕದಿಂದ ಮಹಾಕ್ಷೋಭದವರೆಗೆ 24 ಎಂದು ಹೆಸರಿಸಲಾಗಿದೆ. ಇಲ್ಲಿ ಮೊದಲ ಸ್ಥಾನವೆಂದರೆ ಬಿಡಿಯ ಸ್ಥಾನ. ಬರಹದಲ್ಲಿ ಬಲತುದಿಯಲ್ಲಿರುವುದು ಹೆಸರಿನ ಕ್ರಮದಲ್ಲಿ ಮೊದಲನೆಯದು. ಇಂದು ಬಿಟ್ 0 ಎಂದು ಕಿರಿಯ ತುದಿಯನ್ನು ಕರೆಯುವುದೂ ಇದೇ ರೀತಿ. ವ್ಯತ್ಯಾಸವೆಂದರೆ ನಾವು ಒಂದರ ಬದಲು ಸೊನ್ನೆಯಿಂದ ಎಣಿಸುತ್ತೇವೆ.

ಕಾಲನಿರ್ದೇಶನಕ್ಕಾಗಿ ಕವಿಗಳೂ ಶಾಸನ ರಚಿಸಿದವರೂ ಬಳಸಿದ ಭೂತಸಂಖ್ಯೆಯಲ್ಲಿ ಈ ಕ್ರಮವು ನೇರವಾಗಿ ಕಾಣುತ್ತದೆ. ‘ರಸ-ಬಾಣ-ಗಜ’ ಎಂದು ಬರೆದಿದೆಯೆಂದು ಭಾವಿಸೋಣ. ರಸ ಆರು, ಬಾಣ ಐದು, ಗಜ ಎಂಟು. ಅಂಕಗಳು ಎಡಕ್ಕೆ ನಡೆಯುತ್ತವೆ ಎಂಬ ನಿಯಮದಂತೆ ಇದು ಶಕ 856, ಎಂದರೆ ಕ್ರಿ.ಶ. 934ರ ಸುಮಾರು, ರಾಷ್ಟ್ರಕೂಟರ ಕಾಲ. ನಿಯಮವನ್ನರಿಯದವನು ಇದನ್ನೇ 658 ಎಂದು ಓದಿದರೆ ಕಾಲವು ಕ್ರಿ.ಶ. 736ಕ್ಕೆ ಸರಿದು ಬಾದಾಮಿ ಚಾಲುಕ್ಯರಿಗೆ ಸೇರುತ್ತದೆ. ಎರಡೂ ಅಸಂಭವವಲ್ಲದ ಕಾಲಗಳೇ ಆದ್ದರಿಂದ ತಪ್ಪು ತಾನಾಗಿ ಬಯಲಾಗುವುದಿಲ್ಲ. ವಾರ, ತಿಥಿ, ಅರಸನ ಹೆಸರುಗಳೊಡನೆ ತಾಳೆ ನೋಡಿದಾಗಲೇ ಅದು ಸಿಕ್ಕಿಬೀಳುತ್ತದೆ. 848ರಂಥ ಸಂಖ್ಯೆಯಾದರಂತೂ ಓದುಗನು ಯಾವ ದಿಕ್ಕನ್ನು ಹಿಡಿದನೆಂಬುದು ತಿಳಿಯುವುದೇ ಇಲ್ಲ.

ಇನ್ನು ಆಡುಮಾತು. ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. 25ನ್ನು ಕನ್ನಡಿಗನು ಇಪ್ಪತ್ತೈದು ಎಂದು ಹತ್ತುಗಳಿಂದ ತೊಡಗಿದರೆ, ಮರಾಠಿಗನು ಪಂಚವೀಸ್ ಎಂದು ಬಿಡಿಯಿಂದ ತೊಡಗುತ್ತಾನೆ. ಐವತ್ತೆರಡು ಅವನಿಗೆ ಬಾವನ್ನ. ಚೀಟಿಯ ಮೇಲೆ ಇಬ್ಬರೂ ಬರೆಯುವ ಅಂಕಿ ಒಂದೇ. ನುಡಿಯ ಕ್ರಮವು ಕಾಲದ್ದು, ಬರಹದ ಕ್ರಮವು ನೆಲೆಯದು. ಒಂದು ಮತ್ತೊಂದನ್ನು ಕಟ್ಟಿಹಾಕುವುದಿಲ್ಲ. ಗಡಿನಾಡಿನ ಮಗುವಿಗೆ ಇದು ಪಾಠವಿಲ್ಲದೆ ಬರುವ ತಿಳಿವಳಿಕೆ.

ದ್ವಿಮಾನ ಅಂಕಿಗಳಿಗೆ ಇನ್ನೂ ಹತ್ತಿರದ ನಿದರ್ಶನವು ಛಂದಶ್ಶಾಸ್ತ್ರದ್ದು. 10ನೆಯ ಶತಮಾನದ ಕೊನೆಯ ಭಾಗದವನಾದ ಒಂದನೆಯ ನಾಗವರ್ಮನ ‘ಛಂದೋಂಬುಧಿ’ಯನ್ನು ಕಿಟ್ಟೆಲರು 1875ರಲ್ಲಿ ಸಂಪಾದಿಸಿ ಪ್ರಕಟಿಸಿದರು. ಅದರಲ್ಲಿ ಪ್ರಸ್ತಾರ, ನಷ್ಟ, ಉದ್ದಿಷ್ಟ ಮೊದಲಾದ ಷಟ್ಪ್ರತ್ಯಯಗಳ ನಿರೂಪಣೆಯಿದೆ. ಮೂರಕ್ಷರದ ಪ್ರಸ್ತಾರದಲ್ಲಿ ಗಣಗಳು ಮ, ಯ, ರ, ಸ, ತ, ಜ, ಭ, ನ ಎಂಬ ಕ್ರಮದಲ್ಲಿ ಬರುತ್ತವೆ. ಗುರುವನ್ನು ಸೊನ್ನೆಯೆಂದೂ ಲಘುವನ್ನು ಒಂದೆಂದೂ ಹಿಡಿದು, ಎಡತುದಿಯ ಅಕ್ಷರಕ್ಕೆ 1, ನಡುವಿನದಕ್ಕೆ 2, ಬಲದ್ದಕ್ಕೆ 4 ಎಂಬ ಬೆಲೆ ಕೊಟ್ಟರೆ, ಈ ಎಂಟು ಗಣಗಳು ಸೊನ್ನೆಯಿಂದ ಏಳರವರೆಗಿನ ಸಂಖ್ಯೆಗಳಾಗಿ ತಪ್ಪದೆ ಸಾಲುಗೊಳ್ಳುತ್ತವೆ. ಇಲ್ಲಿ ಕಿರಿಯ ಬಿಟ್ ಎಡತುದಿಯಲ್ಲಿದೆ ಎಂಬುದು ಗಮನಾರ್ಹ.

ನಷ್ಟದ ವಿಧಾನವೂ ಇದನ್ನೇ ತೋರಿಸುತ್ತದೆ. ಆರನೆಯ ಸಾಲು ಯಾವುದೆಂದು ತಿಳಿಯಬೇಕಾದರೆ, ಆರು ಸಮಸಂಖ್ಯೆಯಾದ್ದರಿಂದ ಲಘುವನ್ನು ಬರೆದು ಅರ್ಧಿಸಬೇಕು. ಉಳಿದ ಮೂರು ವಿಷಮವಾದ್ದರಿಂದ ಗುರುವನ್ನು ಬರೆದು, ಒಂದನ್ನು ಕೂಡಿ ಅರ್ಧಿಸಬೇಕು. ಬಂದ ಎರಡು ಸಮವಾದ್ದರಿಂದ ಮತ್ತೆ ಲಘು. ಲಘು, ಗುರು, ಲಘು: ಅದು ಜಗಣ. ಇಂದಿನ ಶಾಲೆಗಳಲ್ಲಿ ಎರಡರಿಂದ ಭಾಗಿಸುತ್ತ ಹೋಗಿ ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿರೆಂದು ಹೇಳಿಕೊಡುತ್ತಾರೆ. ಛಾಂದಸಿಕನು ದೊರೆತುದನ್ನು ದೊರೆತಂತೆಯೇ ಎಡದಿಂದ ಬಲಕ್ಕೆ ಬರೆಯುತ್ತಾನೆ. ಇದರಿಂದ ನಮ್ಮ ಪೂರ್ವಿಕರು ಗಣಕವನ್ನು ಬಲ್ಲವರಾಗಿದ್ದರೆಂದು ಸಾಧಿಸಹೊರಡುವುದು ಅತ್ಯುತ್ಸಾಹವಾದೀತು. ಅವರು ಎಣಿಸಿದ್ದು ವೃತ್ತಗಳನ್ನು. ಎಣಿಕೆಯ ದಿಕ್ಕನ್ನು ಸ್ಪಷ್ಟವಾಗಿ ಹೇಳಿಟ್ಟರು, ಅಷ್ಟೆ.

ಆಧುನಿಕರು ಅಷ್ಟು ಸ್ಪಷ್ಟವಾಗಿ ನಡೆದುಕೊಂಡಿಲ್ಲ. 1964ರ ಐಬಿಎಂ ಸಿಸ್ಟಮ್/360ರ ಕೈಪಿಡಿಗಳಲ್ಲಿ ಬಿಟ್ 0 ಎಂದರೆ ಹಿರಿಯ ತುದಿ. ಇಂಟೆಲ್‌ನ ಪ್ರೊಸೆಸರುಗಳಲ್ಲಿ ಅದು ಕಿರಿಯ ತುದಿ. ಈ ಜಗಳವನ್ನು ಡ್ಯಾನಿ ಕೋಹೆನ್ 1980ರ ಏಪ್ರಿಲ್ 1ರ ಲೇಖನವೊಂದರಲ್ಲಿ, ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡಿದ ಸ್ವಿಫ್ಟನ ಲಿಲಿಪುಟಿಗರಿಗೆ ಹೋಲಿಸಿದನು. ಇಂಟೆಲ್ 8051 ಹೊರಬಂದದ್ದೂ ಅದೇ ವರ್ಷ.

ನಲವತ್ತು ಪಿನ್‌ಗಳ ಆ 8051ರಲ್ಲಿಯೇ ಗೊಂದಲದ ಮೂಲವನ್ನು ಕಾಣಬಹುದು. ಪಿನ್ ಸಂಖ್ಯೆಗಳು ಎಡಬದಿಯಲ್ಲಿ ಮೇಲಿನಿಂದ ಕೆಳಕ್ಕೆ 1ರಿಂದ 20ರವರೆಗೆ ಇಳಿದು, ಬಲಬದಿಯಲ್ಲಿ ಕೆಳಗಿನಿಂದ ಮೇಲಕ್ಕೆ 40ರವರೆಗೆ ಏರುತ್ತವೆ. ಪೋರ್ಟ್ 1ರ ಬಿಟ್ 0 ಪಿನ್ 1ರಲ್ಲಿ, ಬಿಟ್ 7 ಪಿನ್ 8ರಲ್ಲಿ: ಕ್ರಮ ನೇರ. ಪೋರ್ಟ್ 0ರ ಬಿಟ್ 0 ಪಿನ್ 39ರಲ್ಲಿ, ಬಿಟ್ 7 ಪಿನ್ 32ರಲ್ಲಿ: ಪಿನ್ ಸಂಖ್ಯೆ ಇಳಿದಂತೆ ಬಿಟ್ ಏರುತ್ತದೆ. ಅದೇ ಬದಿಯ ಪೋರ್ಟ್ 2ರ ಬಿಟ್ 0 ಕೆಳತುದಿಯ ಪಿನ್ 21ರಲ್ಲಿ, ಬಿಟ್ 7 ಪಿನ್ 28ರಲ್ಲಿ. ಒಂದೇ ಬದಿಯ ಎರಡು ಪೋರ್ಟ್‌ಗಳು ಎದುರುಬದುರಾಗಿ ಎಣಿಸಿಕೊಳ್ಳುತ್ತವೆ. ಆದುದರಿಂದ ಬಿಟ್ಟಿನ ಬೆಲೆ, ಅದರ ಹೆಸರು, ಅದರ ನೆಲೆ ಈ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಳ್ಳದೆ ತಂತಿ ಜೋಡಿಸಬಾರದು. ಒಂದೇ ತಂತಿಯಲ್ಲಿ ಬಿಟ್‌ಗಳನ್ನು ಒಂದಾದ ಮೇಲೊಂದರಂತೆ ಕಳುಹಿಸುವಾಗ ಕಾಲದ ಕ್ರಮವೂ ಸೇರುತ್ತದೆ. 8051ರ ಸರಣಿ ಪೋರ್ಟ್ ಕಿರಿಯ ಬಿಟ್ಟನ್ನು ಮೊದಲು ಕಳುಹಿಸಿದರೆ, ಐ-ಸ್ಕ್ವೇರ್ಡ್-ಸಿ ಪದ್ಧತಿಯಲ್ಲಿ ಹಿರಿಯದು ಮೊದಲು. ಪಂಚವೀಸ್ ಮತ್ತು ಇಪ್ಪತ್ತೈದರ ನಡುವಣ ಅಂತರವೇ ಇಲ್ಲಿಯೂ ಇದೆ.

ಎಂಟು ದೀಪಗಳನ್ನು ಪೋರ್ಟಿಗೆ ತಿರುವುಮುರುವಾಗಿ ಜೋಡಿಸಿದರೆ 1ನ್ನು ಕಳುಹಿಸಿದಾಗ 128, 3ನ್ನು ಕಳುಹಿಸಿದಾಗ 192 ತೋರುತ್ತದೆ. ಆದರೆ 255ನ್ನು ಕಳುಹಿಸಿ ಎಲ್ಲ ದೀಪಗಳೂ ಬೆಳಗಿದವೆಂದು ತೃಪ್ತರಾಗುವವರಿಗೆ ತಪ್ಪು ಕಾಣುವುದಿಲ್ಲ. 256 ಮೌಲ್ಯಗಳಲ್ಲಿ 0, 24, 129, 255 ಮೊದಲಾದ 16 ಮೌಲ್ಯಗಳು ಎರಡು ತುದಿಗಳಿಂದಲೂ ಒಂದೇ ಆಗಿ ಓದಿಸಿಕೊಳ್ಳುತ್ತವೆ. ಅವು ಶಕ 848ರ ಜಾತಿಯವು. ಜೋಡಣೆಯನ್ನು ಪರೀಕ್ಷಿಸುವವರು ಮೊದಲು 1ನ್ನು, ಅನಂತರ 2ನ್ನು ಕಳುಹಿಸಿ, ಬೆಳಗಿದ ದೀಪ ಯಾವ ಪಿನ್ನಿನದೆಂದು ಗುರುತು ಹಾಕಿಕೊಳ್ಳಬೇಕು.