ದೇಶಕ್ಕೆ ತಕ್ಕ ಅಂಗಿ

ಕಾಲಕ್ಕೆ ತಕ್ಕ ಕೋಲ, ದೇಶಕ್ಕೆ ತಕ್ಕ ವೇಷ ಎಂಬುದು ಹಳೆಯ ಗಾದೆ. ಈ ಗಾದೆಯನ್ನು ಮರೆತರೆ ಎಷ್ಟು ವೆಚ್ಚವಾಗಬಹುದು ಎಂಬುದಕ್ಕೆ ಇತ್ತೀಚಿನ ಇತಿಹಾಸದಲ್ಲೊಂದು ಲೆಕ್ಕವಿದೆ. 2007ರಲ್ಲಿ ಆಫ್ಘಾನಿಸ್ತಾನದ ಸೇನೆಗೆ ಹೊಸ ಸಮವಸ್ತ್ರ ಆರಿಸುವಾಗ, ಕಾಡಿನ ಹಸುರನ್ನು ಹೋಲುವ ಖಾಸಗಿ ಒಡೆತನದ ವಿನ್ಯಾಸವೊಂದನ್ನು ಒಪ್ಪಲಾಯಿತು. ಆಗಿನ ರಕ್ಷಣಾ ಸಚಿವರಿಗೆ ಅದು ನೋಡಲು ಹಿಡಿಸಿತ್ತು. ಹಣ ಕೊಟ್ಟದ್ದು ಅಮೆರಿಕ. ಹತ್ತು ವರ್ಷಗಳ ನಂತರ, 2017ರಲ್ಲಿ, ಅಮೆರಿಕ ಸರಕಾರದ ತಪಾಸಣಾಧಿಕಾರಿಗಳು ವರದಿ ಸಲ್ಲಿಸಿದರು. ಆಫ್ಘಾನಿಸ್ತಾನದ ನೆಲದಲ್ಲಿ ಕಾಡು ಇರುವುದು ಕೇವಲ ಶೇ 2.1 ಭಾಗ, ಈ ಆಯ್ಕೆಯಿಂದ ಆದ ಹೆಚ್ಚುವರಿ ವೆಚ್ಚ 2 ಕೋಟಿ 80 ಲಕ್ಷ ಡಾಲರ್‌ವರೆಗೆ. ಆ ಬಟ್ಟೆ ಅಲ್ಲಿನ ನೆಲಕ್ಕೆ ಹೊಂದುತ್ತದೆಯೇ ಎಂಬ ಪರೀಕ್ಷೆಯೇ ನಡೆದಿರಲಿಲ್ಲ.

ಇದೇ ಪ್ರಶ್ನೆ ಇಂದು ಸೈನಿಕರಲ್ಲದವರನ್ನೂ ಕಾಡುತ್ತದೆ. ಏರ್‌ಸಾಫ್ಟ್ ಎಂಬ ಆಟವನ್ನು ಆಡುವವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಒಂದು, ಯಾವ ಮಿಲಿಟರಿ ಬಣ್ಣದ ಅಂಗಿ ಕೊಳ್ಳಬೇಕು ಎಂಬುದು. ಈ ಆಟ ಹುಟ್ಟಿದ್ದು 1970ರ ದಶಕದ ಜಪಾನಿನಲ್ಲಿ. ಅಲ್ಲಿ ಬಂದೂಕು ಹೊಂದುವುದಕ್ಕೆ ಕಾನೂನಿನ ಬಿಗಿ ನಿರ್ಬಂಧವಿದೆ. ಬಂದೂಕಿನ ಆಸೆಯುಳ್ಳವರಿಗಾಗಿ 6 ಮಿಲಿಮೀಟರ್ ಗಾತ್ರದ ಪ್ಲಾಸ್ಟಿಕ್ ಗುಂಡು ಹಾರಿಸುವ ಪ್ರತಿಕೃತಿಗಳು ತಯಾರಾದವು. ಅವನ್ನು ಹಿಡಿದು ಎರಡು ಪಂಗಡಗಳಾಗಿ ಕಾಡುಮೇಡುಗಳಲ್ಲಿ ಅಡಗಿ ಆಡುವುದು ವಾಡಿಕೆಯಾಯಿತು. ಪೇಂಟ್‌ಬಾಲ್‌ನಲ್ಲಿ ಗುಂಡು ತಗುಲಿದರೆ ಬಣ್ಣ ಮೆತ್ತಿಕೊಳ್ಳುತ್ತದೆ. ಇಲ್ಲಿ ಗುರುತೇ ಉಳಿಯುವುದಿಲ್ಲ. ಪೆಟ್ಟು ತಿಂದವನು ತಾನೇ ಕೈಯೆತ್ತಿ ಒಪ್ಪಿಕೊಳ್ಳಬೇಕು. ಹಾಗಾಗಿ ಕಣ್ಣಿಗೆ ಬೀಳದಿರುವುದೇ ಇಲ್ಲಿ ಅರ್ಧ ಗೆಲುವು.

ಆದರೆ ಯೋಧನು ಕಣ್ಣಿಗೆ ಬೀಳಬಾರದು ಎಂಬ ವಿಚಾರ ಅಷ್ಟೇನೂ ಹಳೆಯದಲ್ಲ. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಯುರೋಪಿನ ಸೇನೆಗಳು ಕೆಂಪು, ನೀಲಿ, ಬಿಳಿ ಉಡುಪುಗಳಲ್ಲಿ ಕಾದಾಡುತ್ತಿದ್ದವು. ಅದರಲ್ಲಿ ಮೂರ್ಖತನವೇನೂ ಇರಲಿಲ್ಲ. ಕರಿಮದ್ದಿನ ದಟ್ಟ ಹೊಗೆಯ ನಡುವೆ ನಮ್ಮವರು ಯಾರು, ಹಗೆಗಳು ಯಾರು ಎಂದು ದಂಡನಾಯಕನಿಗೆ ತಿಳಿಯಬೇಕಿತ್ತು. ದೂರದಿಂದ ಗುರಿಯಿಡಬಲ್ಲ ರೈಫಲ್ ಮತ್ತು 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂದ ಮೇಲೆ ಈ ಲೆಕ್ಕಾಚಾರ ತಲೆಕೆಳಗಾಯಿತು. ಎದ್ದು ಕಾಣುವವನು ಮೊದಲು ಸಾಯುವ ಕಾಲ ಬಂತು.

ಬದಲಾವಣೆಯ ದೊಡ್ಡ ಹೆಜ್ಜೆಯೊಂದು ಬಿದ್ದದ್ದು ಅಂದಿನ ಭಾರತದ ನೆಲದಲ್ಲಿ. 1846ರಲ್ಲಿ ಪೆಷಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಅಧಿಕಾರಿ ಕಟ್ಟಿದ ಗೈಡ್ಸ್ ಪಡೆ, ಕೆಂಪು ಕೋಟನ್ನು ಬಿಟ್ಟು ಅಲ್ಲಿನ ಮಣ್ಣಿನ ಬಣ್ಣದ ಸಡಿಲ ಉಡುಪನ್ನು ತೊಟ್ಟಿತು. ಪಾರಸಿಯಲ್ಲಿ ‘ಖಾಕ್’ ಎಂದರೆ ಧೂಳು. ‘ಖಾಕಿ’ ಎಂದರೆ ಧೂಳಿನ ಬಣ್ಣದ್ದು. ಈ ಕಥೆಗೆ ಕರ್ನಾಟಕದ ಕರಾವಳಿಯ ನಂಟೂ ಇದೆ. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಶಾಲೆಗೆ 1851ರಲ್ಲಿ ಬಂದ ಹಾಲರ್ ಎಂಬ ನೇಯ್ಗೆಗಾರ ಖಾಕಿ ಬಣ್ಣವನ್ನು ಹದಗೊಳಿಸಿದನೆಂಬುದು ಮಿಷನ್ನಿನ ಇತಿಹಾಸ ಹೇಳುವವರೆಲ್ಲ ನೆನೆಯುವ ಮಾತು. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದ ಹೊತ್ತಿಗೆ ಬ್ರಿಟಿಷ್ ಸೈನಿಕನೆಂದರೆ ಖಾಕಿ ತೊಟ್ಟವನು ಎಂಬಂತಾಗಿತ್ತು.

ಪಾಠವನ್ನು ತಡವಾಗಿ ಕಲಿತದ್ದು ಫ್ರಾನ್ಸ್. 1914ರಲ್ಲಿ ಮೊದಲ ಮಹಾಯುದ್ಧ ಆರಂಭವಾದಾಗ ಅದರ ಕಾಲಾಳುಗಳು ಇನ್ನೂ ಕೆಂಪು ಷರಾಯಿಯಲ್ಲಿದ್ದರು. ಮೊದಲ ತಿಂಗಳುಗಳ ಸಾವುನೋವು ಕಣ್ಣು ತೆರೆಸಿತು. 1915ರಲ್ಲಿ ಚಿತ್ರಕಲಾವಿದ ಗಿರಾನ್ ದ ಸೆವೊಲಾನ ನೇತೃತ್ವದಲ್ಲಿ ಮರೆಮಾಚುವ ಕೆಲಸಕ್ಕೆಂದೇ ಒಂದು ವಿಭಾಗ ಸ್ಥಾಪನೆಯಾಯಿತು. ಕ್ಯಾಮೊಫ್ಲಾಜ್ ಎಂಬ ಫ್ರೆಂಚ್ ಪದ ಲೋಕದ ಬಾಯಿಗೆ ಬಂದದ್ದು ಆಗಲೇ.

ಈ ಕೆಲಸಕ್ಕೆ ಚಿತ್ರಕಾರರೇ ಏಕೆ ಬೇಕಾಯಿತು ಎಂಬುದರಲ್ಲಿ ಇಡೀ ವಿದ್ಯೆಯ ಗುಟ್ಟು ಅಡಗಿದೆ. ಕಣ್ಣು ವಸ್ತುವನ್ನು ಗುರುತಿಸುವುದು ಬಣ್ಣದಿಂದ ಮಾತ್ರವಲ್ಲ. ಅದರ ಅಂಚಿನಿಂದ, ನೆರಳಿನಿಂದ, ಹೊಳಪಿನಿಂದ, ಎಲ್ಲಕ್ಕಿಂತ ಹೆಚ್ಚಾಗಿ ಚಲನೆಯಿಂದ. ತಲೆ, ಹೆಗಲು, ತೋಳು ಎಂಬ ಆಕಾರ ಕಂಡರೆ ಸಾಕು, ಬಣ್ಣ ಯಾವುದಿದ್ದರೂ ಮನುಷ್ಯನೆಂದು ಮನಸ್ಸು ತೀರ್ಮಾನಿಸಿಬಿಡುತ್ತದೆ. ಆದ್ದರಿಂದ ಬಟ್ಟೆಯ ಮೇಲೆ ಕಡು ಮತ್ತು ತಿಳಿ ಬಣ್ಣದ ದೊಡ್ಡ ಮಚ್ಚೆಗಳನ್ನು ಹರಡಿ, ದೇಹದ ಅಂಚನ್ನು ತುಂಡು ತುಂಡು ಮಾಡಬೇಕು. ಬಂಡೀಪುರದ ಹುಲಿ ಪಟ್ಟೆಗಳಿಂದ ಮಾಡಿಕೊಳ್ಳುವುದೂ ಇದನ್ನೇ. ಅದರ ಕಿತ್ತಳೆ ಬಣ್ಣ ನಮಗೆ ಎದ್ದು ಕಂಡರೂ, ಕೆಂಪು ಹಸುರುಗಳ ಭೇದ ತಿಳಿಯದ ಜಿಂಕೆಯ ಕಣ್ಣಿಗೆ ಅದು ಸುತ್ತಲಿನ ಹುಲ್ಲಿನ ಬಣ್ಣದಲ್ಲೇ ಕರಗುತ್ತದೆ. ಮರೆಯಾಗುವುದು ಎಂದರೆ ನೋಡುವ ಕಣ್ಣಿಗೆ ಮರೆಯಾಗುವುದು.

ಮಚ್ಚೆಗಳನ್ನು ಕೈಯಿಂದ ಬಳಿಯುವ ಬದಲು ಬಟ್ಟೆಯ ಮೇಲೇ ಮುದ್ರಿಸಿ ಸೇನೆಗೆ ಒದಗಿಸುವುದನ್ನು ಆರಂಭಿಸಿದ್ದು ಇಟಲಿ, 1929ರಲ್ಲಿ. ಅದು ಡೇರೆಯ ಬಟ್ಟೆ. 1931ರಲ್ಲಿ ಜರ್ಮನಿಯೂ ಹಾಗೆಯೇ ಡೇರೆಯಿಂದ ಶುರುಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಈ ಮಚ್ಚೆ ಸೈನಿಕನ ಮೈಮೇಲೆ ಬಂತು. ಅಮೆರಿಕ 1942ರಲ್ಲಿ ಪೆಸಿಫಿಕ್ ದ್ವೀಪಗಳಿಗಾಗಿ, ಒಂದು ಮಗ್ಗುಲು ಹಸುರು, ಇನ್ನೊಂದು ಮಗ್ಗುಲು ಕಂದು ಇರುವ ಉಡುಪನ್ನು ಹಂಚಿತು. ಅದೇ ಉಡುಪನ್ನು 1944ರಲ್ಲಿ ಫ್ರಾನ್ಸಿನ ನಾರ್ಮಂಡಿಯಲ್ಲಿ ಕೆಲವರಿಗೆ ತೊಡಿಸಿದಾಗ ಬೇರೆಯೇ ಸಂಕಟ ಎದುರಾಯಿತು. ಅಲ್ಲಿ ಎದುರಿಗಿದ್ದ ಜರ್ಮನ್ ಎಸ್‌ಎಸ್ ಪಡೆಗಳೂ ಮಚ್ಚೆಯ ಉಡುಪಿನಲ್ಲೇ ಇದ್ದವು. ನಮ್ಮವರನ್ನೇ ಶತ್ರುವೆಂದು ಭ್ರಮಿಸುವ ಅಪಾಯ ಒದಗಿ, ಉಡುಪನ್ನು ಹಿಂದೆಗೆದುಕೊಳ್ಳಬೇಕಾಯಿತು.

ಮುಂದೆಯೂ ಇಂಥ ತಪ್ಪುಗಳು ನಿಲ್ಲಲಿಲ್ಲ. 1990–91ರ ಕೊಲ್ಲಿ ಯುದ್ಧದಲ್ಲಿ ಅಮೆರಿಕದ ಸೈನಿಕರು ತೊಟ್ಟ ಮರುಭೂಮಿ ಉಡುಪಿನಲ್ಲಿ ಬೆಣಚುಕಲ್ಲಿನಂಥ ಕಪ್ಪು ಬಿಳುಪು ಚುಕ್ಕೆಗಳಿದ್ದವು. ಕಲ್ಲುಗಳಿಂದ ತುಂಬಿದ ಅಮೆರಿಕದ ಮರುಭೂಮಿಗೆ ಒಪ್ಪುತ್ತಿದ್ದ ಚುಕ್ಕೆ, ಅರೇಬಿಯಾದ ಬಯಲು ಮರಳಿನಲ್ಲಿ ಒಪ್ಪಲಿಲ್ಲ. 2004ರಲ್ಲಿ ಅಮೆರಿಕದ ಭೂಸೇನೆ ಪಟ್ಟಣ, ಮರುಭೂಮಿ, ಕಾಡು ಮೂರಕ್ಕೂ ಒಂದೇ ಎಂದು ಬೂದುಹಸುರಿನ ಚೌಕುಳಿ ವಿನ್ಯಾಸವನ್ನು ಆರಿಸಿಕೊಂಡಿತು. ಎಲ್ಲ ಕಡೆಗೂ ಸಲ್ಲಬೇಕೆಂದು ಮಾಡಿದ್ದು ಎಲ್ಲಿಯೂ ಸರಿಯಾಗಿ ಸಲ್ಲಲಿಲ್ಲ. 2010ರಿಂದ ಆಫ್ಘಾನಿಸ್ತಾನಕ್ಕೆ ಹೋಗುವವರಿಗೆ ಬೇರೆ ಉಡುಪು ಕೊಡಲಾಯಿತು. 2019ರಲ್ಲಿ ಹಳೆಯದು ಪೂರ್ತಿಯಾಗಿ ನಿವೃತ್ತವಾಯಿತು.

ಆಟಗಾರನ ಅಂಗಿಗೂ ಈ ಇತಿಹಾಸವೇ ಕೈಪಿಡಿ. ಹೆಸರಾಂತ ಸೇನೆಯ ಮಾದರಿ ಯಾವುದು ಎಂಬುದಕ್ಕಿಂತ, ಆಡುವ ನೆಲ ಯಾವುದು, ಯಾವ ತಿಂಗಳು ಎಂಬುದು ಮುಖ್ಯ. ಮಳೆಗಾಲದ ಮಲೆನಾಡಿನಲ್ಲಿ ಮರೆಮಾಡುವ ಕಡುಹಸುರು, ಬೇಸಿಗೆಯ ಒಣಹುಲ್ಲಿನಲ್ಲಿ ಕರಿಯ ಗೊಂಬೆಯಂತೆ ನಿಲ್ಲುತ್ತದೆ. ತೀರಾ ಸಣ್ಣ ಚುಕ್ಕೆಗಳು ದೂರದಿಂದ ಒಂದರೊಳಗೊಂದು ಬೆರೆತು ಒಂದೇ ಬಣ್ಣವಾಗುತ್ತವೆ. ದೊಡ್ಡ ಮಚ್ಚೆಯ ಜೊತೆ ಸಣ್ಣದೂ ಇದ್ದರೆ ಮೇಲು. ಬಟ್ಟೆ ಹೊಳೆಯಬಾರದು, ಬಿಳುಪು ಹೆಚ್ಚಿಸುವ ಪುಡಿಯಲ್ಲಿ ಒಗೆದರೆ ಬಣ್ಣದ ಮಂದತೆ ಕೆಡುತ್ತದೆ. ತುಂಬುತೋಳು ಇದ್ದರೆ ಚರ್ಮದ ಹೊಳಪೂ ಅಡಗುತ್ತದೆ, ಗುಂಡಿನ ಚುರುಕೂ ತಗ್ಗುತ್ತದೆ. ಕಣ್ಣಿಗೆ ಮಾತ್ರ ಅಂಗಿಯ ರಕ್ಷಣೆ ಸಾಲದು. ಗಟ್ಟಿ ಕನ್ನಡಕವಿಲ್ಲದೆ ಈ ಆಟಕ್ಕೆ ಇಳಿಯುವಂತಿಲ್ಲ. ಇಷ್ಟೆಲ್ಲ ಇದ್ದೂ ಅತ್ತಿತ್ತ ಅಲುಗಾಡುವವನನ್ನು ಯಾವ ಅಂಗಿಯೂ ಕಾಯದು. ನಾರ್ಮಂಡಿಯ ಪಾಠವೂ ನೆನಪಿರಬೇಕು: ತನ್ನ ಪಂಗಡದವರಿಗೆ ತಿಳಿಯುವಂತೆ ತೋಳಿಗೊಂದು ಬಣ್ಣದ ಪಟ್ಟಿ ಬೇಕು.

ಭಾರತದಲ್ಲಿ ಇನ್ನೊಂದು ಎಚ್ಚರವೂ ಅಗತ್ಯ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕರ ಉಡುಪು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಂತೆ ಅಪರಾಧ. ಮೊದಲು ಇದು ದಂಡಸಂಹಿತೆಯ 140ನೇ ಕಲಮಾಗಿತ್ತು. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿ ಮಾಡಿದ ಉಗ್ರರು ಸೇನೆಯ ಉಡುಪಿನಲ್ಲಿದ್ದರು. 2022ರ ಸೇನಾ ದಿನದಂದು ಭಾರತೀಯ ಭೂಸೇನೆ ಹೊಸ ವಿನ್ಯಾಸದ ಸಮರ ಉಡುಪನ್ನು ಜನರ ಮುಂದಿಟ್ಟಿತು; ಹೊರಗಿನವರು ಅದನ್ನು ನಕಲು ಮಾಡಿ ಮಾರದಂತೆ ಹಕ್ಕನ್ನೂ ನೋಂದಾಯಿಸಿಕೊಂಡಿದೆ. ಆಟಕ್ಕೆ ಆ ವಿನ್ಯಾಸವನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಲೇಸು. ಆಟ ಮುಗಿದ ಮೇಲೆ ಅಂಗಿ ಚೀಲ ಸೇರಬೇಕು.

ಕೊನೆಗೆ, ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಅಂಗಿಯನ್ನು ಆಡುವ ಜಾಗದ ಪೊದೆಯೊಂದರ ಮೇಲೆ ಹರಡಿ, ಐವತ್ತು ಹೆಜ್ಜೆ ಹಿಂದೆ ಸರಿದು ನೋಡುವುದು. ಹುಡುಕಬೇಕಾದರೆ ಅಂಗಿ ಸರಿಯಾಗಿದೆ. ತಟ್ಟನೆ ಕಂಡರೆ ಬೇರೆಯದನ್ನು ನೋಡಬೇಕು. ಆಫ್ಘಾನಿಸ್ತಾನದಲ್ಲಿ ಕೋಟಿಗಟ್ಟಲೆ ಡಾಲರ್ ಸುರಿಯುವ ಮೊದಲು ಮಾಡದೆ ಬಿಟ್ಟದ್ದು ಇಷ್ಟನ್ನೇ.